ಕೊನೆಯ ಕುರ್ಚಿಯ ಕಾಲ್ಗುಣ

ಹೋದ ಡಿಸೆಂಬರಿನಲ್ಲಿ ಗೋವಾದಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ನಮ್ಮ ವಿಭಾಗದಿಂದ ನಾಲ್ಕು ಜನ ಹೋಗಿದ್ದೆವು. ನಾಲ್ವರೂ ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವರು. ಫೆಲೋಶಿಪ್ ಹಣ ಈ ತಿಂಗಳು ಬರುತ್ತದೋ ಮುಂದಿನ ತಿಂಗಳೋ ಎನ್ನುವುದನ್ನು ಬಿಟ್ಟರೆ ಬೇರೆ ಜೂಜು ಕಂಡವರಲ್ಲ. ಕೊನೆಯ ದಿನ ಸಂಜೆ, ಸಂಭವನೀಯತೆಯ ಬಗ್ಗೆ ಇಷ್ಟು ವರ್ಷ ಓದಿ ಒಂದು ಸಲವಾದರೂ ಕ್ಯಾಸಿನೊ ನೋಡದಿದ್ದರೆ ಹೇಗೆ ಎಂದು ಮಾಂಡವಿ ನದಿಯಲ್ಲಿ ಲಂಗರು ಹಾಕಿದ್ದ ಹಡಗೊಂದಕ್ಕೆ ಟಿಕೆಟ್ ತೆಗೆಸಿದೆವು. ಟಿಕೆಟ್ಟಿನ ಜೊತೆ ಆಡಲು ಒಂದಿಷ್ಟು ಚಿಪ್ಸು ಕೊಟ್ಟರು. ಮೂರು ಜನ ನೋಡುವುದು, ಒಬ್ಬಳು ಆಡುವುದು ಎಂದು ತೀರ್ಮಾನವಾಯಿತು. ಆಡಿದವಳು ನನ್ನ ಗೆಳತಿ. ಆಟ ಬ್ಲ್ಯಾಕ್‌ಜಾಕ್. ಖಾಲಿ ಇದ್ದದ್ದು ಒಂದೇ ಕುರ್ಚಿ, ಕೊನೆಯದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ಎಷ್ಟು ಜನ ಕೂತಿದ್ದರೂ ಪ್ರತಿಯೊಬ್ಬರೂ ಆಡುವುದು ಡೀಲರನ ವಿರುದ್ಧ ಮಾತ್ರ. ಒಬ್ಬರಿಗೊಬ್ಬರು ಎದುರಾಳಿಗಳಲ್ಲ, ಪಾಲುದಾರರೂ ಅಲ್ಲ. ಕೈಯಲ್ಲಿರುವ ಎಲೆಗಳ ಮೊತ್ತ 21ಕ್ಕೆ ಹತ್ತಿರವಾಗಬೇಕು, ದಾಟಬಾರದು. ದಾಟಿದರೆ ಬಸ್ಟ್, ಹಣ ಹೋಯಿತು. ರಾಜ, ರಾಣಿ, ಗುಲಾಮ ಎಲ್ಲಕ್ಕೂ ಹತ್ತೇ ಬೆಲೆ. ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಡೀಲರನಿಗೆ ಸ್ವಂತ ಬುದ್ಧಿ ಉಪಯೋಗಿಸುವ ಹಕ್ಕಿಲ್ಲ: 16ರವರೆಗೆ ಎಳೆಯಲೇಬೇಕು, 17 ಮುಟ್ಟಿದರೆ ನಿಲ್ಲಬೇಕು. ಸರದಿ ಡೀಲರನ ಎಡಗೈ ಕಡೆಯಿಂದ ಶುರುವಾಗಿ ಬಲಗೈ ಕಡೆಯ ಕುರ್ಚಿಯಲ್ಲಿ ಮುಗಿಯುತ್ತದೆ. ಬೇಸ್‌ಬಾಲ್ ಆಟದಿಂದ ಹೆಸರು ಎರವಲು ಪಡೆದು ಅಮೆರಿಕದವರು ಮೊದಲ ಕುರ್ಚಿಯನ್ನು ಫಸ್ಟ್ ಬೇಸ್ ಎಂದೂ ಕೊನೆಯದನ್ನು ಥರ್ಡ್ ಬೇಸ್ ಎಂದೂ ಕರೆಯುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಡೀಲರ್ ತನ್ನ ಎರಡನೇ ಎಲೆಯನ್ನು ಮೊದಲೇ ಮುಚ್ಚಿಟ್ಟುಕೊಂಡಿರುತ್ತಾನೆ. ಯೂರೋಪಿನ ಪದ್ಧತಿಯಲ್ಲಿ ಎಲ್ಲರ ಸರದಿ ಮುಗಿದ ಮೇಲೆಯೇ ಅದು ಬರುವುದು. ನಾವು ಕಂಡ ಮೇಜಿನಲ್ಲಿ ಇದ್ದದ್ದು ಎರಡನೆಯ ಪದ್ಧತಿ. ಅಂದರೆ ಕೊನೆಯ ಕುರ್ಚಿಯವರು ಎಲೆ ಎಳೆಯುವುದು ನಿಲ್ಲಿಸಿದ ತಕ್ಷಣ ಡಬ್ಬಿಯಲ್ಲಿ ಮುಂದೆ ಇರುವ ಎಲೆ ನೇರ ಡೀಲರನಿಗೆ.

ಗೆಳತಿಗೆ ಎಂಟು ಮತ್ತು ನಾಲ್ಕು ಬಂದಿತ್ತು, ಹನ್ನೆರಡು. ಡೀಲರ್ ಮುಂದೆ ಎರಡು. ಅವಳು ಬೆರಳಿನಿಂದ ಮೇಜು ತಟ್ಟಿ ಇನ್ನೊಂದು ಎಲೆ ಕೇಳಿದಳು. ರಾಣಿ ಬಂತು. 22, ಬಸ್ಟ್. ಆಮೇಲೆ ಡೀಲರ್ ತನ್ನ ಎಲೆ ತೆಗೆದ: ರಾಜ. ಹನ್ನೆರಡಾಯಿತು. ಇನ್ನೊಂದು ತೆಗೆದ: ಒಂಬತ್ತು. 21. ಮೇಜಿನಲ್ಲಿದ್ದ ಐದೂ ಜನರ ಹಣ ಒಂದೇ ಕೈ ಬಾಚಿಕೊಂಡು ಹೋಯಿತು.

ನಡುವಿನ ಕುರ್ಚಿಯಲ್ಲಿ ದೊಡ್ಡ ಮೊತ್ತ ಇಟ್ಟಿದ್ದವರು ನಮ್ಮವರೇ, ಬೆಂಗಳೂರಿನವರು. ಗೋವಾದ ನಿವಾಸಿಗಳಿಗೆ 2020ರ ಫೆಬ್ರುವರಿಯಿಂದ ಅಲ್ಲಿನ ಕ್ಯಾಸಿನೊಗಳಲ್ಲಿ ಆಡಲು ಅವಕಾಶವಿಲ್ಲ. ಹಾಗಾಗಿ ಆ ಹಡಗುಗಳಲ್ಲಿ ಕಿವಿಗೆ ಬೀಳುವ ಭಾಷೆಗಳಲ್ಲಿ ಕನ್ನಡವೂ ಒಂದಾದರೆ ಆಶ್ಚರ್ಯವಿಲ್ಲ. ಅವರು ಕೂಗಾಡಲಿಲ್ಲ. ತಾಳ್ಮೆಯಿಂದ, ಮೇಷ್ಟರು ಹೇಳುವ ಹಾಗೆ ಹೇಳಿದರು: “ಮೇಡಂ, ಆ ಎಲೆ ನೀವು ಎಳೀಬಾರದಿತ್ತು. ರಾಣಿ ಡೀಲರ್‌ಗೆ ಹೋಗಬೇಕಿತ್ತು. ಕೊನೇ ಸೀಟಲ್ಲಿ ಕೂರೋರಿಗೆ ಸ್ವಲ್ಪ ಜವಾಬ್ದಾರಿ ಇರಬೇಕು. ಇಡೀ ಟೇಬಲ್ ಮುಳುಗಿಸಿಬಿಟ್ರಿ.” ಪಕ್ಕದವರಿಬ್ಬರು ತಲೆಯಾಡಿಸಿದರು. ನನ್ನ ಗೆಳತಿ “ಸಾರಿ ಸರ್” ಎಂದಳು. ಇನ್ನೆರಡು ಆಟ ಆಡಿ, ಉಳಿದ ಚಿಪ್ಸು ಬದಲಾಯಿಸಿಕೊಳ್ಳದೆಯೇ ಎದ್ದು ಬಂದಳು.

ಅವಳ ಹಿಂದೆ ಸಂಖ್ಯಾಶಾಸ್ತ್ರದ ಮೂರು ಜನ ಸಂಶೋಧಕರು ನಿಂತಿದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಈ ಬರಹ ಅಂದು ಆಡದೆ ಉಳಿದ ಮಾತು.

ಆ ಬೆಂಗಳೂರಿನವರ ಕಡೆಗೆ ಇರುವ ನ್ಯಾಯವನ್ನು ಮೊದಲು ಒಪ್ಪಿಬಿಡುತ್ತೇನೆ. ಗೆಳತಿ ಎಳೆಯದೆ ನಿಂತಿದ್ದರೆ ರಾಣಿ ಡೀಲರನಿಗೆ ಹೋಗುತ್ತಿತ್ತು, ಹನ್ನೆರಡು. ಅದರ ಹಿಂದೆ ರಾಜ, 22. ಡೀಲರ್ ಬಸ್ಟ್ ಆಗುತ್ತಿದ್ದ, ಅಲ್ಲಿಯವರೆಗೆ ಬಸ್ಟ್ ಆಗದೆ ಉಳಿದಿದ್ದವರೆಲ್ಲ ಗೆಲ್ಲುತ್ತಿದ್ದರು, ಅವಳೂ ಗೆಲ್ಲುತ್ತಿದ್ದಳು. ನಡೆದು ಹೋದದ್ದರ ಲೆಕ್ಕದಲ್ಲಿ ಅವರ ಮಾತು ಅಕ್ಷರಶಃ ನಿಜ. ಅದಕ್ಕೇ ಈ ಮೂಢನಂಬಿಕೆ ಇಷ್ಟು ಗಟ್ಟಿಯಾಗಿ ನಿಂತಿರುವುದು. ಬೆಕ್ಕು ಅಡ್ಡ ಬಂದದ್ದಕ್ಕೂ ಬಸ್ಸು ತಪ್ಪಿದ್ದಕ್ಕೂ ನಡುವೆ ಕೊಂಡಿ ತೋರಿಸು ಎಂದರೆ ಯಾರಿಗೂ ಆಗುವುದಿಲ್ಲ. ಇಲ್ಲಿ ಕೊಂಡಿ ಕಣ್ಣೆದುರೇ ಇದೆ: ಅವಳು ತೆಗೆದುಕೊಂಡ ಎಲೆ, ಡೀಲರನಿಗೆ ಬರಬಹುದಾಗಿದ್ದ ಎಲೆ, ಎರಡೂ ಒಂದೇ. ಕಾರಣ ನಿಜವಾದ ಕಾರಣವೇ. ಆದರೂ ತಪ್ಪು ಅವಳದಲ್ಲ.

ನಮ್ಮ ಊರ ಕಡೆ ಇದಕ್ಕೆ ಹೆಸರಿದೆ, ಕಾಲ್ಗುಣ. ಸೊಸೆ ಮನೆ ತುಂಬಿದ ತಿಂಗಳಲ್ಲಿ ಬಾವಿ ಬತ್ತಿದರೆ ಅದು ಸೊಸೆಯ ಕಾಲ್ಗುಣ. ಬಾವಿ ಬತ್ತಿದ್ದು ಸುಳ್ಳಲ್ಲ, ಸೊಸೆ ಬಂದದ್ದೂ ಸುಳ್ಳಲ್ಲ. ಆ ಬಾವಿಯಿಂದ ನಾಲ್ಕು ಕೊಡ ನೀರು ಅವಳೂ ಸೇದಿರಬಹುದು. ಅದೇ ಸೊಸೆ ಬಂದ ವರ್ಷ ಒಳ್ಳೆಯ ಮಳೆಯಾದರೆ ಅದು ಮಾವನ ಪುಣ್ಯ. ಲೆಕ್ಕದ ಪುಸ್ತಕದಲ್ಲಿ ಒಂದು ಕಡೆಯ ಕಲಂ ಮಾತ್ರ ಬರೆಯುವ ಪದ್ಧತಿ ಇದು. ಮೇಜಿನ ಸುತ್ತಲೂ ಹೀಗೆಯೇ. ಕೊನೆಯ ಕುರ್ಚಿಯವರು ಎಳೆದ ಎಲೆಯಿಂದ ಡೀಲರ್ ಬಸ್ಟ್ ಆದಾಗ “ನಿಮ್ಮಿಂದ ಉಳಿದ್ವಿ ಮೇಡಂ” ಎಂದು ಐದು ಜನರಲ್ಲಿ ನಾಲ್ವರು ಹೇಳುವುದಿಲ್ಲ. ಐದನೆಯವರು ಹೇಳಿದರೂ ಮಾರನೆಯ ದಿನಕ್ಕೆ ಮರೆತಿರುತ್ತಾರೆ. ಮುಳುಗಿದ್ದು ಮಾತ್ರ ಹತ್ತು ವರ್ಷ ನೆನಪಿರುತ್ತದೆ.

ಇನ್ನು ಲೆಕ್ಕ. ಮನೆಯಲ್ಲಿ ಇಸ್ಪೀಟು ಪ್ಯಾಕು ಇದ್ದರೆ ಐದು ಎಲೆ ತೆಗೆದುಕೊಳ್ಳಿ: ಎರಡು ಹತ್ತರ ಎಲೆ, ಮೂರು ಚಿಕ್ಕವು. ಚೆನ್ನಾಗಿ ಕಲಸಿ ಬೋರಲು ಇಡಿ. ನಡುವೆ ಯಾರೂ ಎಳೆಯದಿದ್ದರೆ ಡೀಲರನಿಗೆ ಹತ್ತು ಬರುವ ಸಾಧ್ಯತೆ 5ರಲ್ಲಿ 2. ಈಗ ಕೊನೆಯ ಕುರ್ಚಿಯವಳು ಒಂದು ಎಲೆ ಎಳೆದಳು ಎನ್ನಿ. ಅವಳಿಗೆ ಹತ್ತು ಬಂದರೆ (5ರಲ್ಲಿ 2 ಸಲ) ಉಳಿದ ನಾಲ್ಕರಲ್ಲಿ ಹತ್ತು ಒಂದೇ. ಅವಳಿಗೆ ಚಿಕ್ಕದು ಬಂದರೆ (5ರಲ್ಲಿ 3 ಸಲ) ಉಳಿದ ನಾಲ್ಕರಲ್ಲಿ ಹತ್ತು ಎರಡು. ಎರಡನ್ನೂ ಕೂಡಿಸಿ: 20ರಲ್ಲಿ 2, ಜೊತೆಗೆ 20ರಲ್ಲಿ 6, ಒಟ್ಟು 20ರಲ್ಲಿ 8. ಅದೇ 5ರಲ್ಲಿ 2. ಅವಳು ಎಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಐದರ ಜಾಗದಲ್ಲಿ ಆರು ಪ್ಯಾಕಿನ 312 ಎಲೆ ಇಟ್ಟರೂ, ಒಂದರ ಬದಲು ನಾಲ್ಕು ಎಳೆದರೂ, ಅವಳು ಜಾಣೆಯಾಗಿದ್ದರೂ ಪೆದ್ದಿಯಾಗಿದ್ದರೂ ಉತ್ತರ ಬದಲಾಗದು. ಮುಂದಿನ ಎಲೆ ಯಾವುದೆಂದು ಗೊತ್ತಿಲ್ಲದೆ ಎಳೆಯುವ ಯಾರೂ, ಬೇಕೆಂದೇ ಕೆಟ್ಟದಾಗಿ ಆಡಿದರೂ, ಇನ್ನೊಬ್ಬರ ಸಾಧ್ಯತೆಯನ್ನು ಹಾಳು ಮಾಡಲಾರರು.

ಇದಕ್ಕೆ ನಮ್ಮ ವಿಷಯದಲ್ಲಿ ಒಂದು ದೊಡ್ಡ ಹೆಸರಿದೆ, ಇಟಲಿಯ ಬ್ರೂನೊ ದೆ ಫಿನೆಟ್ಟಿ ಅದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ. ಸಾರ ಇಷ್ಟೇ: ತೆರೆಯದ ಎಲೆಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೂ ನಮಗೆ ಗೊತ್ತಿರುವುದರಲ್ಲಿ ಏನೂ ಬದಲಾಗುವುದಿಲ್ಲ. ಹಾಗಾಗಿ ಮೇಲಿನ ಎಲೆಗೆ ಇರುವ ಸಾಧ್ಯತೆಯೇ ಅದರ ಕೆಳಗಿನದಕ್ಕೂ, ಅಡಿಯ ಎಲೆಗೂ. “ರಾಣಿ ಡೀಲರ್‌ಗೆ ಹೋಗಬೇಕಿತ್ತು” ಎಂದರೆ, ಆ ರಾಣಿ ಮೊದಲೇ ಡೀಲರನ ಹೆಸರಿಗೆ ಪಹಣಿಯಾಗಿದ್ದು ನನ್ನ ಗೆಳತಿ ಬಂದು ಒತ್ತುವರಿ ಮಾಡಿದಳು ಎಂಬಂತೆ ಮಾತು. ಅದು ರಾಣಿ ಎಂದು ಗೊತ್ತಾಗುವ ಮುಂಚೆ ಅದಕ್ಕೆ ಒಡೆಯರೇ ಇರಲಿಲ್ಲ.

ಒಂದು ಶರತ್ತು ಇದೆ, ಮುಚ್ಚಿಡಬಾರದು. ಎಲೆ ಸರಿಯಾಗಿ ಕಲಸಿರಬೇಕು. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಆಯಲು ಚೀಟಿ ಎತ್ತಿದರು. 366 ಹುಟ್ಟಿದ ದಿನಗಳನ್ನು 366 ಪುಟ್ಟ ಡಬ್ಬಿಗಳಲ್ಲಿ ಹಾಕಿ, ತಿಂಗಳ ಪ್ರಕಾರ ಒಂದರ ಮೇಲೊಂದು ಸುರಿದು, ಅರೆಬರೆ ಕಲಸಿ ಎತ್ತಿದ್ದರಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಬೇಗ ಬಂತು. ಅಲ್ಲಿ ಜಾಗಕ್ಕೆ ಅರ್ಥವಿತ್ತು, ಪ್ರಾಣಕ್ಕೂ ಕುತ್ತಿತ್ತು. 52 ಎಲೆಯ ಒಂದು ಪ್ಯಾಕನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಸೇರಿಸುವ ರೀತಿಯಲ್ಲಿ ಸುಮಾರು ಏಳು ಸಲ ಕಲಸಬೇಕು ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ 1992ರಲ್ಲಿ ತೋರಿಸಿಕೊಟ್ಟರು. (ಡಯಕೋನಿಸ್ ಹದಿನಾಲ್ಕನೇ ವಯಸ್ಸಿನಲ್ಲಿ ಮನೆ ಬಿಟ್ಟು ಜಾದೂಗಾರನೊಬ್ಬನ ಹಿಂದೆ ಹೋಗಿದ್ದವರು. ನಮ್ಮ ಹಾಸ್ಟೆಲಿನ ಗೋಡೆಯ ಮೇಲೆ ಚಿತ್ರ ಅಂಟಿಸಬೇಕಾದ ಗಣಿತಜ್ಞ.) ಆದರೆ ಕಲಸಿದ್ದು ಸರಿಯಿಲ್ಲ ಎಂದು ಅನುಮಾನವಿದ್ದರೂ, ಯಾವ ಕಡೆಗೆ ಸರಿಯಿಲ್ಲ ಎಂದು ತಿಳಿದವನಿಗೆ ಮಾತ್ರ ಅದರಿಂದ ಉಪಯೋಗ. ಮೇಜಿನಲ್ಲಿ ಬೈಯುವವರು ಯಾರೂ ಅಂಥ ಜ್ಞಾನದಿಂದ ಬೈಯುತ್ತಿರುವುದಿಲ್ಲ.

ಹಾಗಾದರೆ ಈ ಭ್ರಮೆ ಎಲ್ಲಿಂದ ಬಂತು? ಜನ ದಡ್ಡರು ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಬದುಕಿನ ಬೇರೆ ಕಡೆಗಳಲ್ಲಿ ಕೂತ ಜಾಗಕ್ಕೆ ನಿಜವಾಗಿಯೂ ಬೆಲೆ ಇದೆ. ಮದುವೆ ಊಟಕ್ಕೆ ಮೂರನೇ ಪಂಕ್ತಿಯಲ್ಲಿ ಕೂತವರಿಗೆ ಹೋಳಿಗೆ ಸಿಕ್ಕುವುದು ಅನುಮಾನ. ರಮ್ಮಿಯಲ್ಲಿ ನಮಗಿಂತ ಮುಂಚೆ ಆಡುವವರು ಏನು ಬಿಸಾಡುತ್ತಾರೆ ಎಂಬುದರ ಮೇಲೆ ನಮ್ಮ ಆಟ ನಿಂತಿದೆ; ಕಂಜೂಸನ ಪಕ್ಕ ಕೂತರೆ ಆ ರಾತ್ರಿ ಸೀಕ್ವೆನ್ಸ್ ಆಗುವುದು ಕಷ್ಟ. ಇಪ್ಪತ್ತೆಂಟರಲ್ಲಿ ಕೊನೆಗೆ ಎಲೆ ಇಳಿಸುವವನಿಗೆ ಉಳಿದವರ ಎಲೆ ನೋಡಿ ಇಳಿಸುವ ಸುಖ. ಯುಗಾದಿಯ ರಾತ್ರಿ ಚಾಪೆಯ ಮೇಲೆ ಆಡುತ್ತ ಬೆಳೆದವರು ಇದನ್ನೆಲ್ಲ ಮೈಯಲ್ಲೇ ಕಲಿತಿರುತ್ತಾರೆ. ಆದರೆ ಪಂಕ್ತಿಯಲ್ಲಿ ಮುಂದಿನವರು ಹೋಳಿಗೆಯನ್ನು ನೋಡಿ, ಬೇಕೆಂದು ಹೇಳಿ ಹಾಕಿಸಿಕೊಳ್ಳುತ್ತಾರೆ. ರಮ್ಮಿಯಲ್ಲಿ ತನಗೆ ಬೇಡದ್ದನ್ನು ನೋಡಿಯೇ ಬಿಸಾಡುತ್ತಾರೆ. ಬ್ಲ್ಯಾಕ್‌ಜಾಕ್‌ನಲ್ಲಿ ಮುಂದಿನವರು ಆಯ್ದುಕೊಳ್ಳುವುದಿಲ್ಲ. ಕಣ್ಣು ಕಟ್ಟಿ ಕೈ ಚಾಚಿ ಬಂದದ್ದು ಪಡೆಯುತ್ತಾರೆ. ನಿವೇಶನ ಹಂಚುವಾಗ ಚೀಟಿ ಎತ್ತುತ್ತಾರಲ್ಲ, ಹಾಗೆ. ಅಲ್ಲಿಯೂ ಮೊದಲು ಎತ್ತಲು ನೂಕುನುಗ್ಗಲು ಆಗುವುದನ್ನು ನೋಡಿದ್ದೇನೆ. ನೂರು ಚೀಟಿಯಲ್ಲಿ ಹತ್ತು ನಿವೇಶನವಿದ್ದರೆ ಮೊದಲನೆಯವನಿಗೂ ನೂರನೆಯವನಿಗೂ ಹತ್ತರಲ್ಲಿ ಒಂದೇ.

ನನ್ನ ಸಂಶೋಧನೆ ಸ್ಯಾಂಪಲ್ ಸಮೀಕ್ಷೆಗಳ ಬಗ್ಗೆ. ಒಂದು ಊರಿನ ಮನೆಗಳಿಂದ ಕೆಲವನ್ನು, ಆಯ್ದದ್ದನ್ನು ಮತ್ತೆ ಸೇರಿಸದೆ, ಆಯುವ ವಿಧಾನಗಳ ಬಗ್ಗೆ ನಾಲ್ಕು ವರ್ಷದಿಂದ ತಲೆ ಕೆಡಿಸಿಕೊಳ್ಳುತ್ತಿದ್ದೇನೆ. ಆ ಪಠ್ಯದ ಮೊದಲ ವಾರದ ಪಾಠವೇ ಇದು: ಐದನೆಯದಾಗಿ ಆಯ್ಕೆಯಾಗುವ ಸಾಧ್ಯತೆ ಪ್ರತಿ ಮನೆಗೂ ಮೊದಲನೆಯದಾಗಿ ಆಯ್ಕೆಯಾಗುವಷ್ಟೇ. ಅದನ್ನು ಮೂರು ಸಲ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದವನು ಹಡಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಕತೆ ಅಲ್ಲಿಗೆ ಮುಗಿದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗಾಳಿಗೆಂದು ಮೇಲಿನ ಡೆಕ್ಕಿಗೆ ಹೋದಾಗ ಅದೇ ಬೆಂಗಳೂರಿನವರು ಸಿಗರೇಟು ಸೇದುತ್ತಿದ್ದರು. ಮಾತಿಗೆ ಸಿಕ್ಕರು, ಸಾಫ್ಟ್‌ವೇರ್‌ನಲ್ಲಿ ಇರುವವರು, ಓದಿಕೊಂಡವರು. ತಾನು ಎಲೆ ಎಣಿಸುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. “ನಾನು ಅದೃಷ್ಟದ ಮೇಲೆ ಆಡೋನಲ್ಲ. ಎಲ್ಲ ಗಣಿತ. ಕೌಂಟ್ ಮೇಲಿತ್ತು, ಅದಕ್ಕೇ ದೊಡ್ಡದಾಗಿ ಇಟ್ಟಿದ್ದೆ. ಇನ್ಮೇಲೆ ಕೌಂಟ್ ಮೇಲಿದ್ದಾಗ ಮೊದಲ ಕುರ್ಚಿಯಲ್ಲೇ ಕೂರಬೇಕು. ಇಲ್ಲಾಂದ್ರೆ ಹತ್ತುಗಳನ್ನೆಲ್ಲ ಮುಂದಿನವರು ತಿಂದು ನಮಗೆ ಎರಡು ಮೂರು ಉಳಿಸ್ತಾರೆ.”

ಎಣಿಸುವುದು ಹುಸಿ ವಿದ್ಯೆಯಲ್ಲ. 1956ರಲ್ಲಿ ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಾಟ್ ಎಂಬ ನಾಲ್ವರು, ಅಮೆರಿಕದ ಸೈನ್ಯದಲ್ಲಿದ್ದವರು, ಮೇಜಿನ ಮೇಲಿನ ಲೆಕ್ಕದ ಯಂತ್ರ ಒತ್ತಿ ಒತ್ತಿ ಯಾವ ಕೈಗೆ ಎಳೆಯಬೇಕು, ಯಾವುದಕ್ಕೆ ನಿಲ್ಲಬೇಕು ಎಂಬ ಪಟ್ಟಿಯನ್ನು ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ನನ್ನ ಗೆಳತಿ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದು ಆ ಪಟ್ಟಿಯ ಈಗಿನ ರೂಪವನ್ನೇ. 12ಕ್ಕೆ ಡೀಲರನ 2ರ ಎದುರು ಎಳೆ ಎಂದು ಅದು ಹೇಳುತ್ತದೆ. ನಿಂತರೆ 100 ರೂಪಾಯಿಗೆ ಸರಾಸರಿ ಸುಮಾರು 29 ಹೋಗುತ್ತದೆ, ಎಳೆದರೆ ಸುಮಾರು 25. ಎರಡೂ ನಷ್ಟವೇ, ಕಡಿಮೆಯದನ್ನು ಆರಿಸಿಕೋ ಎಂಬುದು ಪಟ್ಟಿಯ ಬುದ್ಧಿ. ಆಮೇಲೆ ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಅಧ್ಯಾಪಕ ಐಬಿಎಂ 704 ಗಣಕದಲ್ಲಿ ಲೆಕ್ಕ ಹಾಕಿ, ಹೋದ ಎಲೆಗಳನ್ನು ನೆನಪಿಟ್ಟುಕೊಂಡರೆ ಕ್ಯಾಸಿನೊವನ್ನೇ ಸೋಲಿಸಬಹುದು ಎಂದು 1962ರ ‘ಬೀಟ್ ದ ಡೀಲರ್’ ಪುಸ್ತಕದಲ್ಲಿ ತೋರಿಸಿದ. ಇವತ್ತು ಹೆಚ್ಚು ಬಳಕೆಯಲ್ಲಿರುವ ಹೈ-ಲೋ ಪದ್ಧತಿಯಲ್ಲಿ 2ರಿಂದ 6ರವರೆಗಿನ ಎಲೆ ಹೋದರೆ ಒಂದು ಕೂಡಿಸುವುದು, ಹತ್ತರ ಎಲೆ ಅಥವಾ ಎಕ್ಕ ಹೋದರೆ ಒಂದು ಕಳೆಯುವುದು. ಬಂದ ಮೊತ್ತವನ್ನು ಉಳಿದಿರುವ ಪ್ಯಾಕುಗಳ ಸಂಖ್ಯೆಯಿಂದ ಭಾಗಿಸಿದರೆ ನಿಜ ಎಣಿಕೆ. ಅದು ಹೆಚ್ಚಿದಷ್ಟೂ ಡಬ್ಬಿಯಲ್ಲಿ ಹತ್ತು, ಎಕ್ಕ ದಟ್ಟವಾಗಿವೆ, ಆಟ ಆಟಗಾರನ ಕಡೆಗೆ ವಾಲಿದೆ ಎಂದರ್ಥ.

ಈಗ ಅವರ ಮೊದಲ ಕುರ್ಚಿಯ ಸಿದ್ಧಾಂತಕ್ಕೆ ಬರೋಣ. ಎಣಿಕೆ +12, ಉಳಿದಿರುವುದು ಎರಡು ಪ್ಯಾಕು, ಅಂದರೆ 104 ಎಲೆ. ನಿಜ ಎಣಿಕೆ +6. ಮುಂದಿನವರು 26 ಎಲೆ ತಿಂದರು ಎಂದೇ ಇಟ್ಟುಕೊಳ್ಳಿ. ಕಾಲುಭಾಗ ಎಲೆ ಹೋದರೆ ಸರಾಸರಿಯಲ್ಲಿ ಹೆಚ್ಚುವರಿ ಹತ್ತುಗಳಲ್ಲೂ ಕಾಲುಭಾಗ ಹೋಗುತ್ತವೆ: +12 ಇದ್ದದ್ದು +9 ಆಗುತ್ತದೆ. ಆದರೆ ಉಳಿದ ಎಲೆಯೂ ಒಂದೂವರೆ ಪ್ಯಾಕಿಗೆ ಇಳಿಯಿತು. 9ನ್ನು ಒಂದೂವರೆಯಿಂದ ಭಾಗಿಸಿದರೆ ಮತ್ತೆ 6. ಹಾಲು ತುಂಬಿದ ಪಾತ್ರೆಯಿಂದ ಮುಂದಿನವರು ಲೋಟ ಲೋಟ ತೆಗೆದರೂ ಉಳಿದ ಹಾಲಿನ ಗಟ್ಟಿತನ ಅಷ್ಟೇ. ಅವರಿಗೆ ಕೆನೆ ಸಿಕ್ಕಿ ನಮಗೆ ನೀರು ಉಳಿಯಬೇಕಾದರೆ ಕೆನೆ ಮೇಲೆಯೇ ತೇಲುತ್ತಿರಬೇಕು. ಕಲಸಿದ ಎಲೆಯಲ್ಲಿ ಅದು ಎಲ್ಲಿ ತೇಲುತ್ತಿದೆ ಎಂದು ಯಾರಿಗೂ ಕಾಣದು.

ಗಮನಿಸಿ, ಕೆಳಗೆ ಮೇಜಿನಲ್ಲಿ ಅವರು ಹೇಳಿದ್ದು “ಕೊನೆಯವಳು ಡೀಲರನ ಕೆಟ್ಟ ಎಲೆ ಕದ್ದಳು” ಎಂದು. ಡೆಕ್ಕಿನ ಮೇಲೆ ಹೇಳಿದ್ದು “ಮುಂದಿನವರು ನನ್ನ ಒಳ್ಳೆಯ ಎಲೆ ಕದಿಯುತ್ತಾರೆ” ಎಂದು. ಎರಡೂ ಒಂದೇ ದೂರು. ವ್ಯತ್ಯಾಸ ಇಷ್ಟೇ, ಎರಡನೆಯದಕ್ಕೆ ಕೌಂಟ್ ಎಂಬ ಪದ ಸೇರಿದೆ, ಅದರಿಂದ ಹೇಳುವವರಿಗೆ ತಾವು ಮೂಢನಂಬಿಕೆಯ ಆಚೆ ದಡದಲ್ಲಿದ್ದೇವೆ ಎಂಬ ಧೈರ್ಯ. ನನ್ನ ಜಗಳ ಇವರ ಜೊತೆಯೇ. ಏನೂ ಗೊತ್ತಿಲ್ಲದೆ ಕಾಲ್ಗುಣ ನಂಬುವ ಅಜ್ಜಿಯನ್ನು ಒಪ್ಪಿಸಬಹುದು, ಕನಿಷ್ಠ ನಗಿಸಬಹುದು. ಕಾಲ್ಗುಣಕ್ಕೆ ಎಕ್ಸೆಲ್ ಶೀಟು ಮಾಡಿಟ್ಟುಕೊಂಡಿರುವ ಮೊಮ್ಮಗನನ್ನು ಒಪ್ಪಿಸುವುದು ಹೇಗೆ? ಅವನ ಬಳಿ ಸೂತ್ರ ಇದೆ. ಸೂತ್ರ ಸರಿಯಾಗಿಯೂ ಇದೆ. ಅದು ಹೇಳದೇ ಇರುವ ಮಾತನ್ನು ಅದರ ಬಾಯಲ್ಲಿ ತುರುಕಿದ್ದಾನೆ.

ಎಣಿಸುವವರು ನನ್ನ ಮೇಲೆ ಬೀಳುವ ಮೊದಲು ಅವರ ಪಾಲಿನ ನಿಜವನ್ನೂ ಹೇಳಿಬಿಡುತ್ತೇನೆ. ಮೇಜಿನಲ್ಲಿ ಎಷ್ಟು ಜನ ಇದ್ದಾರೆ ಎಂಬುದು ಮುಖ್ಯ. ಏಳು ಜನ ಕೂತಿದ್ದರೆ ಡಬ್ಬಿಯ ಸಮೃದ್ಧ ಭಾಗ ನಾಲ್ಕಾರು ಸುತ್ತಿನಲ್ಲಿ ಮುಗಿಯುತ್ತದೆ, ಒಬ್ಬರೇ ಇದ್ದರೆ ಅದೇ ಭಾಗದಲ್ಲಿ ಹಲವು ಪಟ್ಟು ಕೈ ಆಡಬಹುದು. ಅದು ಜನಸಂಖ್ಯೆಯ ಮಾತು, ಯಾವ ಕುರ್ಚಿ ಎಂಬುದಲ್ಲ. ಕೊನೆಯ ಕುರ್ಚಿಗೂ ಒಂದು ಚಿಕ್ಕ ಲಾಭ ಉಂಟು: ಎಲ್ಲರ ಮೊದಲ ಎರಡು ಎಲೆ ಎಲ್ಲರಿಗೂ ಕಾಣುತ್ತವೆ, ಆದರೆ ಮುಂದಿನವರು ಎಳೆದ ಎಲೆಗಳನ್ನೂ ನೋಡಿ ನಿರ್ಧರಿಸುವ ಅವಕಾಶ ಕೊನೆಯವರಿಗೆ ಮಾತ್ರ. ಒಂದೇ ಪ್ಯಾಕಿನ ಆಟದಲ್ಲಿ ಇದಕ್ಕೆ ಸ್ವಲ್ಪ ಬೆಲೆ, ಆರು ಪ್ಯಾಕಿನಲ್ಲಿ ಅತ್ಯಲ್ಪ. ಕಾಣುವ ಎಲೆ ನಿರ್ಧಾರ ಬದಲಿಸಬಹುದು, ಅದೃಷ್ಟ ಬದಲಿಸದು. ಇನ್ನೊಂದು, ಅವರ ಪರವಾಗಿಯೇ: ನಿಜ ಎಣಿಕೆ ಸುಮಾರು +3 ದಾಟಿದರೆ 12ಕ್ಕೆ 2ರ ಎದುರು ಎಳೆಯದೆ ನಿಲ್ಲುವುದು ಲೇಸು ಎಂದು ಎಣಿಸುವವರ ಪಟ್ಟಿಯಲ್ಲಿದೆ. ಗೆಳತಿ ಎಣಿಸುತ್ತಿರಲಿಲ್ಲ. ಎಣಿಸುತ್ತಿದ್ದರೆ ನಿಲ್ಲಬೇಕಿತ್ತು, ಹೌದು. ಆದರೆ ಎಳೆದದ್ದರಿಂದ ಅವಳು ಕಳೆದುಕೊಂಡದ್ದು ತನ್ನ ಚಿಪ್ಸಿನ ಮೇಲಿನ ಸರಾಸರಿಯಲ್ಲಿ ಒಂದು ಚೂರು. ನಡುವಿನ ಕುರ್ಚಿಯವರ ಸಾಧ್ಯತೆಯಿಂದ ಒಂದು ಪೈಸೆಯೂ ಅಲ್ಲ. ಇಷ್ಟು ಹೇಳಲು ಎಣಿಕೆ ಬಲ್ಲ ಅವರಿಗೇ ಸಾಧ್ಯವಿತ್ತು, ಆ ಮೇಜಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಕ್ಯಾಸಿನೊಗೆ ಇದರಿಂದ ಏನು? ಎಣಿಸಲು ನಿಜವಾಗಿ ಬಲ್ಲವರನ್ನು ನೆವಾಡಾದ ಕ್ಯಾಸಿನೊಗಳು ಬಾಗಿಲಿಂದಲೇ ಕಳಿಸುತ್ತವೆ. ಕೆನ್ ಯೂಸ್ಟನ್ ಎಂಬಾತ ಕೋರ್ಟಿಗೆ ಹೋಗಿ, 1982ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟಿನಿಂದ ಎಣಿಸುವವರನ್ನು ಕ್ಯಾಸಿನೊ ತನ್ನಷ್ಟಕ್ಕೆ ಹೊರಹಾಕುವಂತಿಲ್ಲ ಎಂಬ ತೀರ್ಪು ಪಡೆಯಬೇಕಾಯಿತು. ಕೊನೆಯ ಕುರ್ಚಿಯ ಕಾಲ್ಗುಣ ನಂಬಿದ್ದಕ್ಕೆ ಯಾರನ್ನಾದರೂ ಹೊರಗೆ ಕಳಿಸುವ ಅಗತ್ಯ ಯಾವ ಕ್ಯಾಸಿನೊಗೂ ಇಲ್ಲ. ಸೋತ ಐದು ಜನ ಒಬ್ಬರ ಮುಖ ಒಬ್ಬರು ನೋಡಿ ಗೊಣಗುವವರೆಗೆ ಮೇಜಿನ ಆಚೆ ಇರುವ ಮನೆಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಅಮೆರಿಕದ ಕೆಲವು ಮೇಜುಗಳ ಮೇಲೆ ಡಬ್ಬಿಯ ನಡುವೆ ಹೊಸಬರು ಸೇರುವಂತಿಲ್ಲ ಎಂಬ ಫಲಕವಿರುತ್ತದೆ. ಹಾಕಿದ್ದು ದೂರ ನಿಂತು ಎಣಿಸಿ, ಸಮಯ ನೋಡಿ ಬಂದು ಕೂರುವವರನ್ನು ತಡೆಯಲು. ಆದರೆ ಎಷ್ಟೋ ಆಟಗಾರರು ಅದನ್ನು ಓದುವುದು, ಹೊಸಬ ಬಂದರೆ ಎಲೆಗಳ ಕ್ರಮ ಕೆಡುತ್ತದೆ, ಅದಕ್ಕೆ ನಮ್ಮ ಹಿತಕ್ಕಾಗಿ ಹಾಕಿದ್ದಾರೆ ಎಂದು.

ಇನ್ನೂ ಹೊಟ್ಟೆ ಉರಿಯುವ ವಿಷಯ ಬಟ್ಟೆಯ ಮೇಲೇ ಅಚ್ಚಾಗಿರುತ್ತದೆ. ಮೊದಲ ಎರಡು ಎಲೆಯಲ್ಲೇ ಎಕ್ಕ ಮತ್ತು ಹತ್ತು ಬಂದರೆ 100 ರೂಪಾಯಿಗೆ 150 ಕೊಡುವುದು ಹಳೆಯ ವಾಡಿಕೆ. ಈಗ ಲಾಸ್ ವೇಗಸ್‌ನ ಬಹಳಷ್ಟು ಮೇಜುಗಳಲ್ಲಿ 120 ಮಾತ್ರ. ಅಂಥ ಕೈ ಸುಮಾರು 21 ಕೈಗೆ ಒಂದು ಸಲ ಬರುತ್ತದೆ. ಹಾಗಾಗಿ ಈ ಒಂದು ಬದಲಾವಣೆಯಿಂದಲೇ ಮನೆಯ ಪಾಲು 100ಕ್ಕೆ ಸುಮಾರು 1.4ರಷ್ಟು ಏರುತ್ತದೆ. ಪಟ್ಟಿ ಪ್ರಕಾರ ತಪ್ಪಿಲ್ಲದೆ ಆಡುವವರ ವಿರುದ್ಧ ಹಳೆಯ ನಿಯಮದಲ್ಲಿ ಮನೆಗೆ ಇದ್ದ ಅನುಕೂಲವೇ ಹೆಚ್ಚುಕಡಿಮೆ ಅರ್ಧ. ಅಂದರೆ ಒಂದು ಸಾಲಿನ ಅಚ್ಚು ಮನೆಯ ಲಾಭವನ್ನು ಮೂರು ಪಟ್ಟು ಮೀರಿಸಿತು. ಆ ಸಾಲನ್ನು ಓದದೆ ಕೂತು, ಕೊನೆಯ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ಕತ್ತು ಚಾಚಿ ನೋಡುತ್ತಾರೆ.

ಯಾರು ಬೈಸಿಕೊಳ್ಳುತ್ತಾರೆ ಎಂಬುದನ್ನೂ ನೋಡಿ. ಅದೇ ಹನ್ನೆರಡಕ್ಕೆ ಅದೇ ರಾಣಿಯನ್ನು, ಕೋಟು ಹಾಕಿಕೊಂಡು ರಾಶಿ ಚಿಪ್ಸು ಮುಂದಿಟ್ಟುಕೊಂಡ ಐವತ್ತರ ಗಂಡಸು ಎಳೆದಿದ್ದರೆ “ಸರ್, ಜವಾಬ್ದಾರಿ ಇರಬೇಕು” ಎಂದು ಯಾರಾದರೂ ಪಾಠ ಹೇಳುತ್ತಿದ್ದರೇ? ನನಗೆ ಅನುಮಾನ. ಲೆಕ್ಕ ಎಲ್ಲ ಕುರ್ಚಿಗೂ ಒಂದೇ ಆದರೂ ದೂರು ಹೊಸಬರ, ಹೆಂಗಸರ, ಸಣ್ಣ ಮೊತ್ತ ಇಟ್ಟವರ ಕುರ್ಚಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಸೊಸೆಗೆ ಕಾಲ್ಗುಣ ಅಂಟಿದಂತೆ ಅಳಿಯನಿಗೆ ಅಂಟಿದ್ದನ್ನು ನಾನಂತೂ ಕೇಳಿಲ್ಲ.

ಮಾರನೆಯ ದಿನ ಅನಮೋಡ ಘಾಟಿ ಹತ್ತುವ ಬಸ್ಸಿನಲ್ಲಿ ನಾನು ಗೆಳತಿಗೆ ಈ ಐದು ಎಲೆಯ ಲೆಕ್ಕ ಹೇಳಲು ಹೊರಟೆ. ಟಿಕೆಟ್ಟಿನ ಹಿಂದೆ ಭಿನ್ನರಾಶಿ ಬರೆದು ತೋರಿಸಿದೆ. ಅವಳು ಕಿಟಕಿಯಿಂದ ಕಣ್ಣು ತೆಗೆಯದೆ, “ಇದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಾನೂ ಅದನ್ನೇ ಪಾಠ ಮಾಡೋದು” ಎಂದಳು. ಮತ್ತೆ ಸಾರಿ ಯಾಕೆ ಅಂದೆ ಎಂದು ಕೇಳಿದೆ.

“ಐದು ಜನ ನನ್ನನ್ನೇ ನೋಡ್ತಿದ್ರು ಕಣೋ. ನೀವು ಮೂರು ಜನ ನೆಲ ನೋಡ್ತಿದ್ರಿ.”